ಅಂಕಿತ ಅಳಿಸಿದ ಹಾಡು

ಒಬ್ಬ ಗುರುವನ್ನೇ ನಂಬಿ ಬದುಕುವ ಗುಂಪು ಬಿಟ್ಟು ಬಂದವರು ಆಪ್ತಸಲಹೆಗೆ ನನ್ನ ಹತ್ತಿರ ಆಗಾಗ ಬರುತ್ತಾರೆ. ದೊಡ್ಡವರಾದ ಮೇಲೆ ಸೇರಿ, ಮೋಸ ಹೋಗಿ ಹೊರಗೆ ಬಂದವರಿಗೆ ಹಳೆಯದು ಅಂತ ಒಂದು ಇರುತ್ತದೆ. ಹಳೆಯ ಮನೆ, ಹಳೆಯ ಗೆಳೆಯರು, ಬಿಟ್ಟು ಹೋದ ಕೆಲಸ. ಗುಂಪಿನೊಳಗೇ ಬೆಳೆದ ಮಕ್ಕಳಿಗೆ ಅದೂ ಇಲ್ಲ. "ಇನ್ನಾದರೂ ಎಲ್ಲರ ಹಾಗೆ ಇರು" ಅಂತ ಸಂಬಂಧಿಕರು ಹೇಳುತ್ತಾರೆ. ಎಲ್ಲರೂ ಹೇಗಿರುತ್ತಾರೆ ಅಂತ ಆ ಮಕ್ಕಳು ನೋಡಿಯೇ ಇರುವುದಿಲ್ಲ.

ಈ ಹುಡುಗಿಯ ವಿಷಯ ಬರೆಯಲು ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ. ಊರು, ವಯಸ್ಸು, ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಕಾವೇರಿ ಅನ್ನೋಣ.

ಅವಳಿಗೆ 3 ವರ್ಷ ಆಗಿದ್ದಾಗ ತಾಯಿ ಅವಳನ್ನು ಎತ್ತಿಕೊಂಡು ಒಬ್ಬ ಗುರುಗಳ ತೋಟ ಸೇರಿದರು. ಅಲ್ಲಿ ನಲವತ್ತು ಚಿಲ್ಲರೆ ಜನ. ಸುತ್ತ ಎತ್ತರದ ಕಾಂಪೌಂಡು. ಶಾಲೆ ಇಲ್ಲ. ಓದಲು ಕಲಿಸಿದರು, ಆದರೆ ಓದಲು ಇದ್ದದ್ದು ಗುರುಗಳ ನೋಟ್‌ಬುಕ್ಕುಗಳು ಮಾತ್ರ. 7ನೇ ವರ್ಷಕ್ಕೆ ಹೊಸ ಹೆಸರು. 22ನೇ ವಯಸ್ಸಿಗೆ ಅಲ್ಲಿಂದ ಹೊರಟು ಚಿಕ್ಕಪ್ಪನ ಮನೆಗೆ ಬಂದಳು. ತಾಯಿ ಬರಲಿಲ್ಲ. ಈಗ ಒಂದು ಟೈಲರ್ ಅಂಗಡಿಯಲ್ಲಿ ಸೀರೆಗೆ ಫಾಲ್ ಹೊಲಿಯುತ್ತಾಳೆ.

"ಹೊಡೆಯುತ್ತಿದ್ದರಾ?" ಅಂತ ಎಲ್ಲರೂ ಮೊದಲು ಕೇಳುತ್ತಾರೆ. ಅವಳಿಗೆ ಹೊಡೆತ ಬಿದ್ದಿರಲಿಲ್ಲ. ಏನೇ ಪ್ರಶ್ನೆ ಕೇಳಿದರೂ ಒಂದೇ ಉತ್ತರ ಸಿಗುತ್ತಿತ್ತು: "ಅದು ನಿನ್ನ ಮನಸ್ಸು ಮಾತಾಡ್ತಿದೆ." ಅಮೆರಿಕದ ಮನೋವೈದ್ಯ ರಾಬರ್ಟ್ ಲಿಫ್ಟನ್, ಚೀನಾದಲ್ಲಿ ಬಲವಂತದ ಮತಿಪರಿವರ್ತನೆಗೆ ಸಿಕ್ಕವರನ್ನು ಹಾಂಗ್‌ಕಾಂಗ್‌ನಲ್ಲಿ ಮಾತಾಡಿಸಿ, ಇಂಥ ಸಿದ್ಧ ಮಾತುಗಳ ಬಗ್ಗೆ 1961ರಲ್ಲೇ ಬರೆದರು. ಯೋಚನೆ ಶುರುವಾಗುವ ಜಾಗಕ್ಕೇ ಬೀಗ ಹಾಕುವ ಮಾತುಗಳು ಇವು. ಕಾವೇರಿ ಹೊರಗೆ ಬಂದ ಮೇಲೂ ಆ ಬೀಗವನ್ನು ತಾನೇ ಹಾಕಿಕೊಳ್ಳುತ್ತಿದ್ದಳು. ನನ್ನ ಮುಂದೆ ಏನೋ ಹೇಳಲು ಬಾಯಿ ತೆರೆದು, "ಇಲ್ಲ ಬಿಡಿ, ಮನಸ್ಸು ಮಾತಾಡ್ತಿದೆ" ಅಂದು ಸುಮ್ಮನಾಗುತ್ತಿದ್ದಳು.

ಮೊದಲ ತಿಂಗಳುಗಳಲ್ಲಿ ನಾವು ಬಾಲ್ಯದ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಕಾಗದಪತ್ರದ ಹಿಂದೆ ಬಿದ್ದೆವು. ಅವಳ ಜನನ ನೋಂದಣಿಯೇ ಆಗಿರಲಿಲ್ಲ. ಹುಟ್ಟಿ ಒಂದು ವರ್ಷ ದಾಟಿದರೆ ನೋಂದಣಿಗೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಅದಕ್ಕೆ ಓಡಾಡಿದ್ದು ಚಿಕ್ಕಪ್ಪ. ಶಾಲೆ ಮೆಟ್ಟಿಲು ಹತ್ತದವರೂ ರಾಷ್ಟ್ರೀಯ ಮುಕ್ತ ಶಾಲೆಯಿಂದ ನೇರವಾಗಿ ಹತ್ತನೇ ತರಗತಿ ಪರೀಕ್ಷೆ ಕಟ್ಟಬಹುದು. 14 ವರ್ಷ ತುಂಬಿದ್ದರೆ ಸಾಕು. ಆದರೆ ಅದಕ್ಕೂ ಹುಟ್ಟಿದ ದಿನಾಂಕದ ದಾಖಲೆ ಬೇಕಲ್ವಾ? ಇದೆಲ್ಲ ಆಪ್ತಸಲಹೆಯೇ ಅಲ್ಲ ಅನ್ನುವವರಿದ್ದಾರೆ. ಕೈಯಲ್ಲಿ ಒಂದು ಗುರುತಿನ ಚೀಟಿಯೂ ಇಲ್ಲದವಳಿಗೆ "ನೀನು ಯಾರು ಅಂತ ಹುಡುಕಿಕೋ" ಅನ್ನಲು ನನಗೆ ಬಾಯಿ ಬರುವುದಿಲ್ಲ.

ಅರ್ಜಿಯಲ್ಲಿ ಹೆಸರಿನ ಜಾಗ ಬಂದಾಗ ಮಾತ್ರ ಪೆನ್ನು ನಿಂತಿತು. "ಗುರುಗಳು ಕೊಟ್ಟ ಹೆಸರು ಬರೀಲಾ, ಅದಕ್ಕೂ ಮುಂಚೆ ಇದ್ದದ್ದಾ?" ಅಂತ ಕೇಳಿದಳು. ಅವಳು ಯಾವಾಗಲೂ ಹಾಗೇ ಅನ್ನುತ್ತಿದ್ದಳು. ಗುರುಗಳು ಕೊಟ್ಟದ್ದು.

ಐದನೇ ತಿಂಗಳಲ್ಲಿ ಒಂದು ದಿನ ಬಂದಾಗ ಅವಳ ತೋರುಬೆರಳಿಗೆ ಪಟ್ಟಿ ಕಟ್ಟಿತ್ತು. ಸೂಜಿ ಚುಚ್ಚಿತ್ತು. ಬೆಳಿಗ್ಗೆ ಅಂಗಡಿಯ ರೇಡಿಯೋದಲ್ಲಿ ಒಂದು ಹಾಡು ಶುರುವಾಯಿತಂತೆ. ತೋಟದಲ್ಲಿ ನಸುಕಿಗೆ ಎದ್ದು ಎಲ್ಲರೂ ಹಾಡುತ್ತಿದ್ದ ಹಾಡು. ಗುರುಗಳಿಗೆ ಧ್ಯಾನದಲ್ಲಿ ಕೇಳಿಸಿದ್ದು, ಹೊರಗಿನವರ ಕಿವಿಗೆ ಬೀಳಬಾರದು ಅಂತ ಕಲಿಸಿದ್ದರು.

"ನನ್ನ ಹುಡುಕ್ಕೊಂಡು ಬಂದೇಬಿಟ್ರು ಅನ್ಕೊಂಡೆ. ಹಿಂದಿನ ಬಾಗಿಲಿಂದ ಓಡಿದೆ" ಅಂದಳು.

"ಯಾವ ಹಾಡು? ಒಂದು ಸಾಲು ಹೇಳ್ತೀಯಾ?"

ಕಣ್ಣನ್ನು ಬಾಗಿಲ ಮೇಲೇ ಇಟ್ಟುಕೊಂಡು ಎರಡು ಸಾಲು ಹಾಡಿದಳು. ನನಗೆ ಗೊತ್ತಿದ್ದ ಹಾಡು. ನನ್ನ ಅಜ್ಜಿ ರಂಗೋಲಿ ಹಾಕುತ್ತಾ ಇದನ್ನೇ ಗುನುಗುತ್ತಿದ್ದಳು.

"ಇದು ಪುರಂದರದಾಸರ ಪದ ಕಣಮ್ಮ. ಸುಮಾರು 500 ವರ್ಷದ್ದು. ನಾಡಿನ ತುಂಬ ಹಾಡ್ತಾರೆ."

ಅವಳು ನಂಬಲಿಲ್ಲ. ಕೊನೆಯ ಚರಣ ನಾನೇ ಹಾಡಿ ತೋರಿಸಿದೆ. ನಡುವೆ ಕೈ ಅಡ್ಡ ಹಿಡಿದು ನಿಲ್ಲಿಸಿದಳು. "ಅಲ್ಲಿ ಗುರುಗಳ ಹೆಸರು ಬರುತ್ತೆ."

"ಇಲ್ಲ, ಅಲ್ಲಿ ಪುರಂದರವಿಠಲ ಅಂತ ಬರುತ್ತೆ. ಅದು ಅಂಕಿತ. ಈ ಪದ ಯಾರದ್ದು ಅಂತ ಗೊತ್ತಾಗೋದು ಅದರಿಂದಲೇ."

ಬಹಳ ಹೊತ್ತು ಮಾತಿಲ್ಲ. ಬೆರಳಿನ ಪಟ್ಟಿಯ ಅಂಚನ್ನು ಉಗುರಿನಿಂದ ಕೆರೆಯುತ್ತಾ ಕೂತಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಅವರ ಹೆಸರನ್ನೂ ತೆಗೆದುಬಿಟ್ರಾ?"

ಆ ಒಂದು 'ಊ' ಕೇಳಿ ನಾನು ಪೆನ್ನು ಕೆಳಗಿಟ್ಟೆ. ಐದು ತಿಂಗಳಲ್ಲಿ ಅವಳು ತನ್ನಿಂದ ಏನನ್ನಾದರೂ ತೆಗೆದರು ಅಂತ ಒಂದು ಸಲವೂ ಹೇಳಿರಲಿಲ್ಲ. ಅವತ್ತು ಮೊದಲ ಸಲ ಅತ್ತಳು. ಅಳು ನಿಂತ ಮೇಲೆ ಬಂದ ಪ್ರಶ್ನೆ ಇದು: "ಹಾಗಾದ್ರೆ ಇನ್ಮೇಲೆ ಇದನ್ನ ಹಾಡಬಾರದು, ಅಲ್ವಾ?" ಚಿಕ್ಕಮ್ಮ ಹೇಳಿದ್ದರಂತೆ, ಅಲ್ಲಿಯದು ಏನೂ ಬೇಡ, ಎಲ್ಲ ಮರೆತುಬಿಡು ಅಂತ.

ಇಂಥವರು "ನಾನೇನು ಮಾಡಲಿ?" ಅಂತ ಕೇಳಿದರೆ ನಾನು ಸಾಮಾನ್ಯವಾಗಿ ಉತ್ತರ ಕೊಡುವುದಿಲ್ಲ. ಹೇಳಿದ್ದನ್ನು ಕೇಳುವುದೇ ಒಳ್ಳೆಯತನ ಅಂತ ಬೆಳೆದವರು ನನ್ನ ಮಾತನ್ನೂ ಹಾಗೇ ಕೇಳಿಬಿಡುತ್ತಾರೆ. ಗುರುಗಳ ಕುರ್ಚಿಯಲ್ಲಿ ನಾನು ಕೂತ ಹಾಗಾಗುತ್ತದೆ. ಅವತ್ತು ಮಾತ್ರ ಹೇಳಿದೆ. "ಹಾಡು. ಅದು ಅವರದ್ದಲ್ಲ. ಅಲ್ಲಿಂದ ತಂದದ್ದನ್ನೆಲ್ಲ ಒಂದೇ ಸಲ ಸುಡಬೇಡ, ಒಂದೇ ಸಲ ಇಟ್ಟುಕೊಳ್ಳಲೂ ಬೇಡ. ಒಂದೊಂದನ್ನೇ ಕೈಗೆ ತಗೊಂಡು ನೋಡು. ಅವರ ಕೈಗೆ ಸಿಗೋ ಮುಂಚೆ ಇದು ಯಾರದ್ದಾಗಿತ್ತು ಅಂತ ಕೇಳು." ನಸುಕಿಗೆ ಏಳುವುದು, ಚೊಕ್ಕ ಕೈಕೆಲಸ, ಸಸಿಗಳ ಬಗ್ಗೆ ಗೊತ್ತಿರುವುದು, ಇವೆಲ್ಲ ಅವಳ ಬೆವರಿನಿಂದ ಬಂದವು. 19 ವರ್ಷವನ್ನು ಪೂರ್ತಿ ಕಸದ ಬುಟ್ಟಿಗೆ ಹಾಕು ಅಂದರೆ ಅವಳ ಹತ್ತಿರ ಉಳಿಯುವುದೇನು?

ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಒಪ್ಪಲಿಲ್ಲ. ವಾಪಸ್ ಹೋಗಲು ಒಂದು ಹಗ್ಗ ಬಿಟ್ಟಿದ್ದೀರಿ ಅಂದರು. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ನಾನು ಕಂಡ ಹಾಗೆ, ವಾಪಸ್ ಹೋಗುವವರು ಹಾಡಿನ ಆಸೆಗೆ ಹೋಗುವುದಿಲ್ಲ. ಹೊರಗೆ ತಮ್ಮದು ಅಂತ ಒಂದೂ ಇಲ್ಲದೆ ಹೋಗುತ್ತಾರೆ. ತಾಯಿಯ ವಿಷಯದಲ್ಲೂ ಇದೇ ನನ್ನ ನಿಲುವು. ಸಂಬಂಧ ಕಡಿದುಕೋ ಅನ್ನಲಿಲ್ಲ. ತಿಂಗಳಿಗೊಂದು ಅಂಚೆ ಕಾರ್ಡು ಬರೆ, ವಾದ ಬೇಡ, ಬಾ ಅಂತ ಕರೆಯುವುದೂ ಬೇಡ, ಚೆನ್ನಾಗಿದ್ದೇನೆ ಅಂತ ಮಾತ್ರ ಇರಲಿ ಅಂದೆ. ಬಾಗಿಲು ಒಂದು ಕಡೆಯಿಂದಲಾದರೂ ತೆರೆದಿರಬೇಕು.

ಒಂದು ವಿಷಯದಲ್ಲಿ ಮಾತ್ರ ಅವಳ ತೀರ್ಮಾನಕ್ಕೆ ನಾನು ಕಾಯಲಿಲ್ಲ. ಆ ತೋಟದಲ್ಲಿ ಇನ್ನೂ ಮಕ್ಕಳಿದ್ದಾರೆ, ಶಾಲೆಗೆ ಹೋಗುತ್ತಿಲ್ಲ. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕು ಅಂತ 2009ರ ಕಾಯ್ದೆ ಹೇಳುತ್ತದೆ. ಅವಳಿಗೆ ಮೊದಲೇ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ನಾನೇ ಫೋನ್ ಮಾಡಿದೆ. ಎರಡು ವಾರ ಅವಳು ನನ್ನ ಜೊತೆ ಮಾತು ಬಿಟ್ಟಳು. ನನ್ನ ಮೇಲೆ ಸಿಟ್ಟು ಮಾಡಿಕೊಳ್ಳುವಷ್ಟು ಧೈರ್ಯ ಬಂತಲ್ಲ ಅಂತ ನನಗೆ ಸಮಾಧಾನವೇ ಆಯಿತು.

ಜನನ ಪತ್ರ ಈಗ ಹುಟ್ಟಿನ ಹೆಸರಿನಲ್ಲೇ ಬಂದಿದೆ. ಮನೆಯಲ್ಲಿ ಏನಂತ ಕರೆಯಬೇಕು ಅಂತ ಅವಳಿನ್ನೂ ಹೇಳಿಲ್ಲ, ಯಾರೂ ಅವಸರ ಮಾಡುತ್ತಿಲ್ಲ. ತಾಯಿಗೆ ಏಳು ಕಾರ್ಡು ಹೋಗಿವೆ. ಅಂಗಡಿಯಲ್ಲಿ ಬೆಳಿಗ್ಗೆ ರೇಡಿಯೋ ಹಾಕುವುದು ಈಗ ಅವಳದೇ ಕೆಲಸ. ದಾಸರ ಪದ ಬಂದರೆ ಜೊತೆಗೆ ಗುನುಗುತ್ತಾ ಹೊಲಿಯುತ್ತಾಳಂತೆ. ಕೊನೆಯ ಚರಣಕ್ಕೆ ಮಾತ್ರ ಕೈಕೆಲಸ ನಿಲ್ಲಿಸುತ್ತಾಳೆ, ಯಾರ ಹೆಸರು ಬರುತ್ತದೆ ಅಂತ ಕೇಳಲು.