ಪ್ಯೂಜೊ 205 ರ‍್ಯಾಲಿ: ಅಸಲಿ ಯಾವುದು, ಕೊಳ್ಳುವ ಮುನ್ನ ಎಲ್ಲೆಲ್ಲಿ ಕೈ ಹಾಕಿ ನೋಡಬೇಕು?

ನೀವು ಕೇಳಿರುವುದು ಇಷ್ಟು: ಇರುವುದು ಸ್ಟಟ್‌ಗಾರ್ಟ್‌ನಲ್ಲಿ, ಫ್ರಾನ್ಸಿನ ಲಿಯಾನ್ ಹತ್ತಿರ ಪ್ಯೂಜೊ ಕಂಪನಿಯ ಸಣ್ಣ ಕಾರು, 1989ರ 205 ರ‍್ಯಾಲಿ ಮಾರಾಟಕ್ಕಿದೆ, ಹೊಸ ಪೇಂಟ್ ಹೊಡೆದಿದ್ದಾರೆ, ಕಾರ್ಬುರೇಟರ್‌ಗಳಿಗೆ ಏರ್ ಫಿಲ್ಟರ್ ಡಬ್ಬಿ ಇಲ್ಲದೆ ತೆರೆದ ತುತ್ತೂರಿ (ತುತ್ತೂರಿಯಾಕಾರದ ಗಾಳಿ ಕೊಳವೆ) ಹಾಕಿದ್ದಾರೆ. ಅಸಲಿಯೇ, ತೆಗೆದುಕೊಳ್ಳಬಹುದೇ, ಮುಂದೆ ಬೆಂಗಳೂರಿಗೆ ಸಾಗಿಸಬಹುದೇ?

ಬೆಂಗಳೂರಿನ ಆಸೆ ಬಿಟ್ಟುಬಿಡಿ. ಭಾರತಕ್ಕೆ ತರುವ ಸೆಕೆಂಡ್ ಹ್ಯಾಂಡ್ ಕಾರು ಮೂರು ವರ್ಷಕ್ಕಿಂತ ಹಳೆಯದಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ಇದು ಎರಡರಲ್ಲೂ ಫೇಲು. ವಿಂಟೇಜ್ ವಿನಾಯಿತಿ ಸಿಗುವಷ್ಟು ವಯಸ್ಸೂ ಆಗಿಲ್ಲ. ಜರ್ಮನಿಯಲ್ಲೇ ಇಟ್ಟುಕೊಂಡು ಓಡಿಸುತ್ತೀರಿ ಎಂದುಕೊಂಡು ಉಳಿದದ್ದು ಹೇಳುತ್ತೇನೆ.

1985 ಮತ್ತು 86ರಲ್ಲಿ ಪ್ಯೂಜೊಗೆ ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್ ತಂದುಕೊಟ್ಟದ್ದು 205 ಟರ್ಬೊ 16. ಅದಕ್ಕೆ ಇಂಜಿನ್ ನಡುಮಧ್ಯೆ, ನಾಲ್ಕೂ ಚಕ್ರಕ್ಕೆ ಡ್ರೈವ್. ಅಂಗಡಿಯಲ್ಲಿ ಸಿಗುತ್ತಿದ್ದ 205ಕ್ಕೂ ಅದಕ್ಕೂ ಹೋಲಿಕೆ ಇದ್ದದ್ದು ಮುಖದಲ್ಲಿ ಮಾತ್ರ. 1988ರಲ್ಲಿ ಬಂದ ‘ರ‍್ಯಾಲಿ’ಯ ಉದ್ದೇಶ ಬೇರೆ: ಸ್ವಂತ ದುಡ್ಡಿನಲ್ಲಿ ಸ್ಥಳೀಯ ರ‍್ಯಾಲಿ ಓಡಿಸುವವರಿಗೆ 1300 ಸಿಸಿ ಒಳಗಿನ ವರ್ಗದಲ್ಲಿ ಗೆಲ್ಲಬಲ್ಲ, ಅಗ್ಗದ ಕಾರು. ಅದಕ್ಕೇ ಇಂಜಿನ್ 1294 ಸಿಸಿ. ಆ ವರ್ಗದಲ್ಲಿ ಸ್ಪರ್ಧಿಸುವ ಮಾನ್ಯತೆಗೆ 5,000 ಕಾರು ಮಾಡಿದ್ದರೆ ಸಾಕಿತ್ತು, 1992ರ ಹೊತ್ತಿಗೆ 30,000 ದಾಟಿತು. ಎರಡು ವೆಬರ್ 40 ಡಿಸಿಒಎಂ ಕಾರ್ಬುರೇಟರ್, ಚುರುಕು ಕ್ಯಾಮ್‌ಶಾಫ್ಟ್, 6800 ಆರ್‌ಪಿಎಂನಲ್ಲಿ 103 ಪಿಎಸ್ (ಅಶ್ವಶಕ್ತಿ). ತೂಕ 800 ಕೆಜಿಗಿಂತ ಕಡಿಮೆ. ಪವರ್ ಸ್ಟೀರಿಂಗ್ ಇಲ್ಲ, ಪವರ್ ವಿಂಡೋ ಇಲ್ಲ, ಸದ್ದು ತಡೆಯುವ ಹಾಸು ಹೆಸರಿಗಷ್ಟೆ.

ತೊಂದರೆ ಶುರುವಾಗುವುದೂ ಇಲ್ಲಿಂದಲೇ. ಈ ಕಾರಿನ ವಿಶೇಷವೆಲ್ಲ ಏನೇನು ಇಲ್ಲ ಎಂಬುದರಲ್ಲಿದೆ. ಯಾವುದೋ ಮೂರು ಬಾಗಿಲಿನ ಸಾಮಾನ್ಯ 205 ತಂದು, ಬಿಚ್ಚಬೇಕಾದ್ದು ಬಿಚ್ಚಿ, ಬಿಳಿ ಬಳಿದು, 13 ಇಂಚಿನ ಬಿಳಿ ಸ್ಟೀಲ್ ಚಕ್ರ ಹಾಕಿ, ಹಳದಿ-ಕೆಂಪು-ನೀಲಿ ಪಟ್ಟಿ ಅಂಟಿಸಿದರೆ ಫೋಟೋದಲ್ಲಿ ರ‍್ಯಾಲಿಯೇ. 205ರ ವೇಗದ ಮಾದರಿ ಜಿಟಿಐ ನಕಲು ಮಾಡುವುದಕ್ಕಿಂತ ಇದು ಎಷ್ಟೋ ಸಲೀಸು. ಜೊತೆಗೆ ಇದೇ ಹೆಸರಿನ ಬೇರೆ ಕಾರುಗಳೂ ಇವೆ. ಬ್ರಿಟನ್ನಿನಲ್ಲಿ ಮಾರಿದ್ದು 1.4 ಲೀಟರಿನ ಸಾಧು ಇಂಜಿನ್ನಿನದು, ಜರ್ಮನಿಯಲ್ಲಿ ಮಾರಿದ್ದು 1.9 ಲೀಟರ್ ಇಂಜೆಕ್ಷನ್. ಅವು ನಕಲಿಯಲ್ಲ, ಆದರೆ ನೀವು ಹುಡುಕುತ್ತಿರುವ ಕಾರೂ ಅಲ್ಲ. 1.3 ಎಡಗೈ ಸ್ಟೀರಿಂಗ್‌ನಲ್ಲಿ ಮಾತ್ರ ಬಂತು. ಬಣ್ಣವೂ ಬಿಳಿ ಒಂದೇ.

ಆ ಒಂದೇ ಬಣ್ಣ ನಿಮ್ಮ ಕೈಯಲ್ಲಿರುವ ಒಳ್ಳೆ ಆಯುಧ. ಟಾರ್ಚ್ ಹಿಡಿದು ಹಿಂಬಾಗಿಲಿನ ರಬ್ಬರ್ ಬೀಡಿಂಗ್ ಎರಡು ಇಂಚು ಎಳೆದು ನೋಡಿ. ಕೆಂಪು ಕಾರ್ಪೆಟ್ ಎತ್ತಿ ಸೀಟಿನ ಬೋಲ್ಟ್ ಸುತ್ತ, ಹೆಡ್‌ಲೈಟ್ ಹಿಂದಿನ ತಗಡು, ಡ್ಯಾಶ್‌ಬೋರ್ಡಿನ ಕೆಳಗೆ ಪೆಡಲ್ ಇರುವ ಗೋಡೆ, ಹೀಗೆ ಪೇಂಟರ್ ಕೈ ಹೋಗದ ಜಾಗಗಳನ್ನು ನೋಡಿ. ಎಲ್ಲಾದರೂ ಬೂದಿ, ನೀಲಿ, ಕೆಂಪು ಇಣುಕಿದರೆ ಮಾತುಕತೆ ಅಲ್ಲಿಗೇ ಮುಗಿಸಿ. ಹೊಸ ಪೇಂಟ್ ಎಂದಿದ್ದೀರಿ, ಹಾಗಾಗಿ ಈ ಪರೀಕ್ಷೆ ತಪ್ಪಿಸಲೇಬೇಡಿ. ಆಮೇಲೆ ಬಾನೆಟ್ ಕೆಳಗೆ ತಗಡಿನಲ್ಲೇ ಒತ್ತಿರುವ ಚಾಸಿ ನಂಬರ್, ರಿವೆಟ್ ಹೊಡೆದ ತಟ್ಟೆ, ಫ್ರೆಂಚ್ ನೋಂದಣಿ ಪತ್ರದ ‘ಇ’ ಕಾಲಂ, ಈ ಮೂರೂ ಒಂದೇ ಇರಬೇಕು. ಅದೇ ಪತ್ರದ ‘ಪಿ.1’ರಲ್ಲಿ 1294 ಎಂದಿರಬೇಕು. ಕೊನೆಯ ಮಾತು ‘ಲಾವಾಂತ್ಯೂರ್ ಪ್ಯೂಜೊ ಸಿತ್ರೊಯೆನ್ ಡಿಎಸ್’ ಸಂಸ್ಥೆಯದು. ಚಾಸಿ ನಂಬರ್ ಕೊಟ್ಟರೆ ಅದು ಯಾವ ಮಾಡೆಲ್ ಎಂದು ಪ್ರಮಾಣಪತ್ರ ಕೊಡುತ್ತಾರೆ. ಮಾರುವವರ ಬಳಿ ಅದಿಲ್ಲದಿದ್ದರೆ ಮುಂಗಡ ಕೊಡುವ ಮುನ್ನ ತರಿಸಿ ಎನ್ನಿ. ಅಸಲಿ ಕಾರಿನವರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಬಾಡಿಯಲ್ಲಿ ತುಕ್ಕು ಹುಡುಕಬೇಕಾದ ಜಾಗ: ಬ್ಯಾಟರಿ ಕೂರುವ ತಟ್ಟೆ, ವೈಪರ್ ಕೆಳಗಿನ ನೀರು ಹರಿಯುವ ಕಾಲುವೆ, ಮುಂದಿನ ಫ್ಲೋರಿನ ಮೂಲೆಗಳು, ಜಾಕ್ ಕೊಡುವ ಜಾಗ, ಹಿಂದಿನ ಮಡ್ಗಾರ್ಡಿನ ಒಳಮಡಿಕೆ, ಪೆಟ್ರೋಲ್ ತುಂಬುವ ಕೊಳವೆಯ ಸುತ್ತ, ಹಿಂದಿನ ಆಕ್ಸಲ್ ಬೋಲ್ಟ್ ಆಗುವ ಚಾಸಿ ಭಾಗ. ಕೊನೆಯದು ಕೊಳೆತಿದ್ದರೆ ಟಿಂಕರಿಂಗ್ ಖರ್ಚು ಕೈ ಮೀರುತ್ತದೆ. ಈ ಕಾರುಗಳಲ್ಲಿ ಬಹಳಷ್ಟು ನಿಜಕ್ಕೂ ರ‍್ಯಾಲಿ ಓಡಿದವು. ಫ್ಲೋರಿನಲ್ಲಿ ರೋಲ್ ಕೇಜ್ (ಕಾರು ಉರುಳಿದರೆ ಕಾಯುವ ಉಕ್ಕಿನ ಪಂಜರ) ಕೂರಿಸಿದ ತೂತು ಮುಚ್ಚಿದ ಗುರುತು, ಮುಂದಿನ ಚಾಸಿ ಕಾಲುಗಳಲ್ಲಿ ಸುಕ್ಕು, ಮುಂದಿನ ಸಸ್ಪೆನ್ಷನ್ ಸ್ಟ್ರಟ್ ತಲೆಯ ಸುತ್ತ ಹೆಚ್ಚುವರಿ ವೆಲ್ಡಿಂಗ್ ಇದೆಯೇ ನೋಡಿ. ಕೇಜ್ ಇದ್ದದ್ದು ದೋಷವಲ್ಲ. ಅದನ್ನು ಮುಚ್ಚಿಟ್ಟು ‘ಮನೆಯಾಕೆ ಓಡಿಸಿದ ಕಾರು’ ಎನ್ನುವುದು ದೋಷ.

ಇನ್ನು ಹಿಂದಿನ ಆಕ್ಸಲ್. 205 ಕುಲಕ್ಕೆಲ್ಲ ಅಂಟಿದ ಕಾಯಿಲೆ ಇದು, ಹೆಚ್ಚು ಹೊತ್ತು ಇಲ್ಲೇ ಕಳೆಯಿರಿ. ಹಿಂದಿನ ಚಕ್ರ ಹಿಡಿದ ಎರಡು ತೋಳುಗಳ ಶಾಫ್ಟ್ ಒಂದು ಅಡ್ಡ ಕೊಳವೆಯೊಳಗೆ ನೀಡಲ್ ಬೇರಿಂಗ್‌ಗಳ ಮೇಲೆ ತಿರುಗುತ್ತದೆ, ಸ್ಪ್ರಿಂಗ್ ಕೆಲಸ ಟಾರ್ಶನ್ ಬಾರ್ ಎಂಬ ತಿರುಚಿಕೊಳ್ಳುವ ಸರಳಿನದು. ಹೊರಗಿನ ಸೀಲ್ ಸವೆದು ಒಳಗೆ ನೀರು ಹೋದರೆ ಗ್ರೀಸ್ ತೊಳೆದುಹೋಗಿ ಸೂಜಿಗಳು ಶಾಫ್ಟನ್ನು ಅರೆದು ಗುಂಡಿ ಮಾಡುತ್ತವೆ, ತೋಳು ವಾಲುತ್ತದೆ. ಕಾರಿನ ಹಿಂದೆ ಹತ್ತು ಹೆಜ್ಜೆ ದೂರ ಕುಕ್ಕರಗಾಲಿನಲ್ಲಿ ಕೂತು ನೋಡಿ: ಚಕ್ರಗಳ ತಲೆ ಒಳಕ್ಕೆ ಬಾಗಿ ಬುಡ ಹೊರಕ್ಕೆ ಚಾಚಿದ್ದರೆ ಬೇರಿಂಗ್ ಹೋಗಿದೆ. ಸಮತಟ್ಟಾದ ನೆಲದಲ್ಲಿ ಚಕ್ರದ ನಡುವಿನಿಂದ ಮಡ್ಗಾರ್ಡ್ ಅಂಚಿನವರೆಗೆ ಎರಡೂ ಬದಿ ಟೇಪ್ ಹಿಡಿಯಿರಿ, ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿದ್ದರೆ ಕಾರಣ ಕೇಳಿ. ಆಮೇಲೆ ಹಿಂಬದಿ ಜಾಕ್ ಏರಿಸಿ, ಸ್ಟ್ಯಾಂಡ್ ಕೊಟ್ಟು, ಚಕ್ರದ ತಲೆ ಬುಡ ಹಿಡಿದು ಅಲ್ಲಾಡಿಸಿ. ಆಟ ಬಂದರೆ ಹಬ್ ಬೇರಿಂಗಿನದೋ ತೋಳಿನದೋ ಎಂದು ತಿಳಿಯಲು ಇನ್ನೊಬ್ಬರು ತೋಳು ಮತ್ತು ಕೊಳವೆ ಕೂಡುವಲ್ಲಿ ಬೆರಳಿಟ್ಟಿರಲಿ. ಬೇಗ ಸಿಕ್ಕಿದರೆ ಶಾಫ್ಟ್, ಬೇರಿಂಗ್, ಸೀಲ್ ಬದಲಿಸಿ ಮುಗಿಸಬಹುದು. ಬೇರಿಂಗ್ ಹೊರಕವಚವೇ ತಿರುಗಿ ಕೊಳವೆ ಸವೆದಿದ್ದರೆ ಇಡೀ ಆಕ್ಸಲ್ಲೇ ಹೊಸದು, ಅಂದರೆ ರಿಪೇರಿ ಮಾಡಿಟ್ಟ ಬದಲಿ ಆಕ್ಸಲ್. ಟಾರ್ಶನ್ ಬಾರ್ ಹಲ್ಲುಗಳು ತುಕ್ಕಿನಿಂದ ಕಚ್ಚಿಕೊಂಡರೆ ಬಿಚ್ಚುವುದರಲ್ಲೇ ದಿನ ಹೋಗುತ್ತದೆ, ಮನೆ ಅಂಗಳದಲ್ಲಿ ಮಾಡುವ ಕೆಲಸ ಅಲ್ಲ.

ಇಂಜಿನ್‌ ಬ್ಲಾಕ್ ಅಲ್ಯೂಮಿನಿಯಂ, ಸ್ಲೀವ್‌ಗಳ (ಪಿಸ್ಟನ್ ಓಡಾಡುವ ಕೊಳವೆಗಳ) ಸುತ್ತ ನೇರ ನೀರೇ ಹರಿಯುತ್ತದೆ. ಒಮ್ಮೆ ಕಾದು ಉಕ್ಕಿದರೆ ಹೆಡ್ ಗ್ಯಾಸ್ಕೆಟ್ ಮಾತ್ರವಲ್ಲ, ಸ್ಲೀವಿನ ಬುಡದ ಸೀಲ್ ಮೇಲೂ ಅನುಮಾನ ಬರುತ್ತದೆ. ತಣ್ಣಗಿದ್ದಾಗ ಕೂಲೆಂಟ್ ಡಬ್ಬಿ ತೆರೆದು ಎಣ್ಣೆ ಪೊರೆ ಇದೆಯೇ ನೋಡಿ. ಕಂಪ್ರೆಷನ್ ಪರೀಕ್ಷೆ ಮಾಡಿಸಿ, ನಾಲ್ಕೂ ಸಿಲಿಂಡರ್ ನಡುವೆ ಹತ್ತು ಪರ್ಸೆಂಟಿಗಿಂತ ಹೆಚ್ಚು ವ್ಯತ್ಯಾಸ ಒಳ್ಳೆಯದಲ್ಲ. ಮುಂದೆ ಎಂದಾದರೂ ಹೆಡ್ ಇಳಿಸಿದರೆ ಮೆಕ್ಯಾನಿಕ್‌ಗೆ ಒಂದು ಮಾತು ಹೇಳಿ: ಸ್ಲೀವ್‌ಗಳನ್ನು ಕ್ಲ್ಯಾಂಪ್ ಹಾಕಿ ಒತ್ತಿ ಹಿಡಿಯದೆ ಕ್ರ್ಯಾಂಕ್ ತಿರುಗಿಸುವಂತಿಲ್ಲ. ತಿರುಗಿಸಿದರೆ ಪಿಸ್ಟನ್ ಜೊತೆ ಸ್ಲೀವ್ ಎದ್ದು ಸೀಲ್ ಕೆಡುತ್ತದೆ, ಎಣ್ಣೆಗೆ ನೀರು ಸೇರುತ್ತದೆ. ಸ್ಲೀವ್ ತಲೆ ಬ್ಲಾಕಿನಿಂದ 0.03ರಿಂದ 0.10 ಮಿ.ಮೀ ಮೇಲಿರಬೇಕು, ಒಂದಕ್ಕೊಂದು 0.05ಕ್ಕಿಂತ ಹೆಚ್ಚು ಏರುಪೇರು ಕೂಡದು. ಟಿಯು ಎಂಬ ಈ ಪ್ಯೂಜೊ ಕುಲದ ಎಂಟು ವಾಲ್ವಿನ ಇಂಜಿನ್‌ಗಳ ಟ್ಯಾಪೆಟ್ ಅಂತರ ತಣ್ಣಗಿರುವಾಗ ಇನ್‌ಲೆಟ್ 0.20, ಎಕ್ಸಾಸ್ಟ್ 0.40 ಮಿ.ಮೀ. ವಾಟರ್ ಪಂಪ್ ತಿರುಗಿಸುವುದೂ ಟೈಮಿಂಗ್ ಬೆಲ್ಟೇ, ಆದ್ದರಿಂದ ಬದಲಿಸಿದ ಬಿಲ್ ಇಲ್ಲದಿದ್ದರೆ ಎರಡನ್ನೂ ಟೆನ್ಷನರ್ ಸಮೇತ ಮೊದಲ ವಾರವೇ ಬದಲಿಸಿ. ಕಿಲೋಮೀಟರ್ ಓಡಿಲ್ಲ ಎಂಬ ಸಬೂಬು ಬೆಲ್ಟಿಗೆ ನಡೆಯುವುದಿಲ್ಲ, ನಿಂತಲ್ಲೇ ಹಳೆಯದಾಗುತ್ತದೆ.

ಕಾರ್ಬುರೇಟರ್ ವಿಷಯಕ್ಕೆ ಬಂದರೆ, ನೀವು ಹೋಗುವ ಹೊತ್ತಿಗೆ ಇಂಜಿನ್ ತಣ್ಣಗಿರಲಿ ಎಂದು ಮೊದಲೇ ಹೇಳಿಡಿ. ಬಿಸಿಯಾದ ವೆಬರ್ ತನ್ನ ಅರ್ಧ ಜಡ್ಡು ಮುಚ್ಚಿಕೊಳ್ಳುತ್ತದೆ. ಐಡಲ್ ಏರಿಳಿಯುತ್ತಿದ್ದರೆ, ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರ್‌ನಲ್ಲಿ ಪಟಪಟ ಎಂದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಹೆಚ್ಚಾಗಿ ಕಾರ್ಬುರೇಟರ್ ಮತ್ತು ಮ್ಯಾನಿಫೋಲ್ಡ್ ನಡುವಿನ ರಬ್ಬರ್ ಒಣಗಿ ಬಿರಿದಿರುತ್ತದೆ. ಇಂಜಿನ್ ಓಡುತ್ತಿರುವಾಗ ಆ ಜಾಯಿಂಟ್ ಮೇಲೆ ಕಾರ್ಬ್ ಕ್ಲೀನರ್ ಒಂದೇ ಒಂದು ಚಿಮುಕು ಬಿಡಿ, ಬಿಸಿ ಎಕ್ಸಾಸ್ಟ್ ಕಡೆಗೆ ಬೇಡ. ಆರ್‌ಪಿಎಂ ಬದಲಾದರೆ ಕಳ್ಳ ಸಿಕ್ಕಿದ. ಥ್ರಾಟಲ್ ಲಿವರ್ ಮೇಲೆ ಕೆಳಗೆ ಅಲುಗಿದರೆ ಸ್ಪಿಂಡಲ್ ಸವೆದಿದೆ, ಆಗ ಎಷ್ಟು ಟ್ಯೂನ್ ಮಾಡಿದರೂ ನಿಲ್ಲದು. ಎರಡು ಕಾರ್ಬುರೇಟರ್‌ಗಳ ಗಾಳಿ ಸಮ ಮಾಡುವುದು ಸಿಂಕ್ರೋಮೀಟರ್ ಇಟ್ಟೇ ಆಗಬೇಕು, ಕಿವಿಯಲ್ಲಿ ಆಗುವುದಲ್ಲ. ಹಳೆ ಪೆಟ್ರೋಲ್ ಪೈಪುಗಳಿಗೆ ಎಥನಾಲ್ ಆಗಿಬರುವುದಿಲ್ಲ. ಎಲ್ಲ ಬದಲಿಸಿ, 98 ಆಕ್ಟೇನ್ ಹಾಕಿ.

ಆ ತುತ್ತೂರಿಗಳ ವಿಚಾರ: ಸದ್ದು ಚೆನ್ನಾಗಿರುತ್ತದೆ, ನಿಜ. ಆದರೆ ಮೂಲ ಏರ್ ಬಾಕ್ಸ್ ಎಲ್ಲಿ ಎಂದು ಕೇಳಿ. ಅದು ಸುಲಭಕ್ಕೆ ಸಿಗುವ ಸಾಮಾನಲ್ಲ. ಡಿಕ್ಕಿಯಲ್ಲಿಟ್ಟು ಕೊಡುತ್ತೇನೆ ಎಂದರೆ ಸರಿ, ಕಳೆದುಹೋಗಿದೆ ಎಂದರೆ ಬೆಲೆಯಲ್ಲಿ ಇಳಿಸಬೇಕು. ನಿಮಗೆ ಜರ್ಮನಿಯಲ್ಲಿ ಎಚ್ ನಂಬರ್ ಪ್ಲೇಟ್ ಬೇಕೇ ಬೇಕು: 30 ವರ್ಷ ದಾಟಿದ, ಬಹುಪಾಲು ಮೂಲ ಸ್ಥಿತಿಯಲ್ಲಿರುವ ಕಾರಿಗೆ ಅದು ಸಿಗುತ್ತದೆ, ವರ್ಷಕ್ಕೆ ಸುಮಾರು 191 ಯೂರೋ ತೆರಿಗೆ. ಕ್ಯಾಟಲಿಸ್ಟ್ (ಹೊಗೆ ಶುದ್ಧಿ ಮಾಡುವ ಭಾಗ) ಇಲ್ಲದ ಈ ಕಾರಿಗೆ ಪರಿಸರ ವಲಯಕ್ಕೆ ಬೇಕಾದ ಹಸಿರು ಸ್ಟಿಕ್ಕರ್ ಬರುವುದಿಲ್ಲ. ಎಚ್ ಪ್ಲೇಟ್ ಇದ್ದರಷ್ಟೇ ಸ್ಟಟ್‌ಗಾರ್ಟಿನ ಪರಿಸರ ವಲಯದೊಳಗೆ ಓಡಿಸಬಹುದು. ತುತ್ತೂರಿ, ತಗ್ಗಿಸಿದ ಸಸ್ಪೆನ್ಷನ್, ಅಗಲದ ಚಕ್ರ ಇವೆಲ್ಲ ತಪಾಸಣೆಯವರ ಮುಂದೆ ವಾದಕ್ಕೆ ದಾರಿ. ಕಾರಿನ ಫೋಟೋಗಳನ್ನು ನಿಮ್ಮೂರಿನ ತಪಾಸಣಾ ಕೇಂದ್ರಕ್ಕೆ ಮೊದಲೇ ತೋರಿಸಿ ಕೇಳುವುದು ವಾಸಿ.

ಗೇರ್‌ಬಾಕ್ಸ್‌ಗೆ ಹೆಚ್ಚು ಹೇಳುವುದಿಲ್ಲ. ಎರಡನೇ ಗೇರಿಗೆ ಇಳಿಸುವಾಗ ಕರಕರ ಎಂದರೆ ಸಿಂಕ್ರೊ ಸವೆದಿದೆ. ಗೇರ್ ಕೋಲು ಗಂಜಿಯಲ್ಲಿ ಕಲಸಿದಂತಿದ್ದರೆ ಲಿಂಕೇಜಿನ ಪ್ಲಾಸ್ಟಿಕ್ ಬಾಲ್ ಕಪ್ ಹೋಗಿದೆ, ಅಗ್ಗದ ರಿಪೇರಿ.

ಓಡಿಸಿ ನೋಡುವಾಗ 4000 ಆರ್‌ಪಿಎಂ ಕೆಳಗೆ ಪಿಕಪ್ ಇಲ್ಲವೆಂದು ಗಾಬರಿಯಾಗಬೇಡಿ, ಅದು ಹಾಗೇ. ಮೇಲೆ ತಡವರಿಸದೆ ಏರಬೇಕು. ತಿರುವಿನ ನಡುವೆ ಮಾತ್ರ ಆಕ್ಸಿಲರೇಟರ್‌ನಿಂದ ಕಾಲು ಥಟ್ಟನೆ ತೆಗೆಯಬೇಡಿ. ತೂಕ ಮುಂದಕ್ಕೆ ವಾಲಿ ಹಿಂಬದಿ ಹಗುರಾಗಿ ಹೊರಕ್ಕೆ ಜಾರುತ್ತದೆ. ಎಬಿಎಸ್ ಇಲ್ಲ, ಜಾರುವುದನ್ನು ತಡೆಯುವ ಇಎಸ್‌ಪಿ ಇಲ್ಲ, ಟೈರ್ 165/70 ಆರ್13, ಮಳೆಯಲ್ಲಿ ಇನ್ನೂ ಬೇಗ ಜಾರುತ್ತದೆ. ಹಳೇ ಟೈರಿನ ಪಕ್ಕದಲ್ಲಿರುವ ನಾಲ್ಕಂಕಿಯ ತಯಾರಿಕೆ ವಾರ-ವರ್ಷ ಓದಿ. ಟ್ರೆಡ್ ಇದ್ದರೂ ಹತ್ತು ವರ್ಷದ್ದಾದರೆ ಟೆಸ್ಟ್ ಡ್ರೈವನ್ನೂ ಮೆಲ್ಲಗೇ ಮಾಡಿ.

ಕಾಗದಪತ್ರ: ಫ್ರಾನ್ಸಿನಲ್ಲಿ ಮಾರುವವರು ಆರು ತಿಂಗಳೊಳಗಿನ ‘ಕಾಂತ್ರೋಲ್ ತೆಕ್ನಿಕ್’ ತಪಾಸಣಾ ವರದಿ, ಹದಿನೈದು ದಿನದೊಳಗಿನ ಸಾಲ-ಜಪ್ತಿ ಇಲ್ಲವೆಂಬ ಪತ್ರ, ಮಾರಾಟ ಪತ್ರ, ಅಡ್ಡಗೆರೆ ಎಳೆದು ದಿನಾಂಕ ಹಾಕಿ ಸಹಿ ಮಾಡಿದ ನೋಂದಣಿ ಪತ್ರ ಕೊಡಬೇಕು. ವರದಿಯಲ್ಲಿ ‘ತುಕ್ಕು’ ಎಂದು ಬರೆದಿರುವ ಸಾಲನ್ನು ಅನುವಾದ ಮಾಡಿಸಿಕೊಂಡು ಓದಿ, ಜಾಹೀರಾತಿಗಿಂತ ಅದರಲ್ಲಿ ಸತ್ಯ ಹೆಚ್ಚು.

ನನ್ನ ಅಭಿಪ್ರಾಯ ಕೇಳಿದರೆ, ಮಾಸಿದ ಮೂಲ ಪೇಂಟಿನ, ಏರ್ ಬಾಕ್ಸ್ ಇರುವ, ಬಿಲ್ಲುಗಳ ಕಂತೆ ಜೊತೆಗಿರುವ ಕಾರು ಹೊಸ ಪೇಂಟಿನದಕ್ಕಿಂತ ಮೇಲು, ಸ್ವಲ್ಪ ಹೆಚ್ಚು ಬೆಲೆಯಾದರೂ. ಸಂಗ್ರಹಕ್ಕಿಂತ ಓಡಿಸುವ ಚಪಲವೇ ದೊಡ್ಡದಾದರೆ 106 ರ‍್ಯಾಲಿಯನ್ನೂ ನೋಡಿ. ಮೊದಲ ಸರಣಿಯದು ಅದೇ 1294 ಸಿಸಿ, ಇಂಜೆಕ್ಷನ್‌ನಲ್ಲಿ 100 ಪಿಎಸ್. 1996ರ ನಂತರದ್ದು 1587 ಸಿಸಿ, 103 ಪಿಎಸ್. ಕಾರ್ಬುರೇಟರ್ ಗೋಜಿಲ್ಲ, ಆದರೆ ಹಿಂದಿನ ಆಕ್ಸಲ್ಲಿನ ಕಾಯಿಲೆ ಅಲ್ಲೂ ಇದೆ. ಲಿಯಾನ್‌ಗೆ ಹೊರಡುವ ಮುನ್ನ ಚಾಸಿ ನಂಬರಿನ ಫೋಟೋ, ಹಿಂದಿನಿಂದ ನೆಲಮಟ್ಟದಲ್ಲಿ ತೆಗೆದ ಫೋಟೋ, ಬ್ಯಾಟರಿ ಎತ್ತಿ ಕೆಳಗಿನ ತಟ್ಟೆಯ ಫೋಟೋ, ಈ ಮೂರನ್ನು ತರಿಸಿಕೊಳ್ಳಿ. ಮೂರೂ ಕಳಿಸಲು ನೆಪ ಹೇಳಿದರೆ ರೈಲು ಟಿಕೆಟ್ ಮಾಡಿಸಬೇಡಿ.