ವಿಜಯಪುರದಲ್ಲಿದ್ದುಕೊಂಡೇ ಕಾಮಿಕ್ಸ್ ಪುಸ್ತಕವನ್ನು ಸ್ವಂತವಾಗಿ ಪ್ರಕಟಿಸಬಹುದೇ?

ಗೋಳಗುಮ್ಮಟವನ್ನು ಕುರಿತು ಮಾತಿಲ್ಲದ, ಬರೀ ಚಿತ್ರಗಳ ಕಾಮಿಕ್ಸ್ ರಚಿಸಿದ್ದು, ಪ್ರಕಾಶಕರಿಲ್ಲದೆ ಅದನ್ನು ಹೊರತರಬಹುದೇ ಎಂದು ಕೇಳಿದ್ದೀರಿ. ಖಂಡಿತವಾಗಿಯೂ ತರಬಹುದು, ತರಲೇಬೇಕು. ಪುಸ್ತಕವನ್ನು ಜಗತ್ತಿನೆಲ್ಲೆಡೆ ಗುರುತಿಸುವ ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆಯು ಲೇಖಕರಿಗೂ ಉಚಿತವಾಗಿ ನೀಡುತ್ತದೆ.

ನಿಜವಾದ ಕಷ್ಟವಿರುವುದು ಮುದ್ರಣದಲ್ಲಿ. ಆಫ್‌ಸೆಟ್‌ನಲ್ಲಿ, ಅಂದರೆ ಪ್ಲೇಟುಗಳಿಂದ ಅಚ್ಚು ಹಾಕುವ ಮುದ್ರಣದಲ್ಲಿ, ಬಹುವರ್ಣಕ್ಕೆ ನಾಲ್ಕು ಬಣ್ಣಗಳ ಪ್ಲೇಟುಗಳನ್ನು ಬೇರೆ ಬೇರೆಯಾಗಿ ಮಾಡಿಸಬೇಕಾಗಿರುವುದರಿಂದ, ಪ್ರತಿಗಳು ಕಡಿಮೆಯಾದಷ್ಟೂ ಒಂದೊಂದರ ವೆಚ್ಚ ಏರುತ್ತದೆ. ಆದ್ದರಿಂದ ನೂರಿನ್ನೂರು ಪ್ರತಿಗಳಿಗೆ ಪ್ಲೇಟುಗಳೇ ಬೇಡದ ಡಿಜಿಟಲ್ ಮುದ್ರಣವೇ ಮೇಲು. ನಡುವೆ ಪಿನ್ ಹೊಡೆಯುವ ಪುಸ್ತಕವಾದರೆ ಪುಟಗಳ ಸಂಖ್ಯೆ 4ರಿಂದ ಭಾಗವಾಗುವಂತಿರಲಿ. ಚಿತ್ರಗಳನ್ನು 300 ಡಿಪಿಐಯಲ್ಲಿ (ಅಂಗುಲಕ್ಕೆ 300 ಚುಕ್ಕೆಗಳಂತೆ) ಸ್ಕ್ಯಾನ್ ಮಾಡಿಸಿರಿ. ಗುಮ್ಮಟದ ಕಲ್ಲಿನ ಕಡುಬೂದು ಪರದೆಯ ಮೇಲೆ ಕಂಡಂತೆಯೇ ಕಾಗದದಲ್ಲಿ ಮೂಡುವುದಿಲ್ಲವಾದ್ದರಿಂದ, ಮಾದರಿ ಹಾಳೆಯನ್ನು ಹಗಲು ಬೆಳಕಿನಲ್ಲಿ ನೋಡಿಯೇ ಒಪ್ಪಿಗೆ ಕೊಡಿರಿ.

ಗ್ರಂಥಾಲಯಗಳಿಗೆ ಪುಸ್ತಕಗಳನ್ನು ಸಲ್ಲಿಸುವ ಕುರಿತಾದ 1954ರ ಕಾಯ್ದೆಯಂತೆ, ಪ್ರಕಟವಾದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿಯನ್ನು ಕಳುಹಿಸತಕ್ಕದ್ದು.