ಥಂಡರ್‌ಬರ್ಡ್ ಪಾರ್ಕಿನ ಕಂಬಗಳು ದೇವರಾ?

ಕೆನಡಾದ ವಿಕ್ಟೋರಿಯಾದಲ್ಲಿ ಮ್ಯೂಸಿಯಂ ಪಕ್ಕ, ಥಂಡರ್‌ಬರ್ಡ್ ಪಾರ್ಕಿನಲ್ಲಿರುವ ಬಣ್ಣದ ಮರದ ಕಂಬಗಳು, ಅಂದರೆ ಟೋಟೆಮ್ ಕಂಬಗಳು, ದೇವರಾ, ರಜೆಗೆ ಊರಿಗೆ ಹೋಗುವಾಗ ಅಂಥದ್ದೊಂದು ಸಣ್ಣದು ಅಪ್ಪ ಅಮ್ಮನಿಗೆ ಒಯ್ಯಬಹುದಾ ಅಂತ ಕೇಳಿದ್ದೀರಿ.

ದೇವರಲ್ಲ, ಪೂಜೆಯೂ ಇಲ್ಲ. ಕಂಬದ ಮೇಲಿನ ಹಕ್ಕಿ, ಕರಡಿ, ತಿಮಿಂಗಿಲ ಎಲ್ಲ ಅಲ್ಲಿನ ಮೂಲನಿವಾಸಿಗಳ ಆಯಾ ಮನೆತನದ ಗುರುತು. ಚೆನ್ನಾಗಿ ಕೆತ್ತಲು ಬರುತ್ತದೆ ಅಂತ ಯಾರು ಬೇಕಾದರೂ ಅದನ್ನು ತಮ್ಮದು ಅನ್ನುವ ಹಾಗಿಲ್ಲ. ಹಕ್ಕು ಹುಟ್ಟಿನಿಂದಲೋ ಮದುವೆಯಿಂದಲೋ ಬರಬೇಕು. ಪಾಟ್‌ಲ್ಯಾಚ್ ಅನ್ನುವ ದೊಡ್ಡ ಕೂಟ ಕರೆದು, ಬಂದವರಿಗೆಲ್ಲ ಉಡುಗೊರೆ ಕೊಟ್ಟು, ಅವರ ಎದುರು ಅದನ್ನು ತೋರಿಸಬೇಕು. ಕೆನಡಾ ಸರ್ಕಾರ 1885ರಿಂದ 1951ರವರೆಗೆ ಆ ಕೂಟವನ್ನೇ ನಿಷೇಧಿಸಿತ್ತು. 1921ರಲ್ಲಿ ವಿಲೇಜ್ ಐಲ್ಯಾಂಡ್ ಅನ್ನುವ ದ್ವೀಪದಲ್ಲಿ ಕೂಟ ನಡೆಸಿದವರನ್ನು ಹಿಡಿದು, ಕೂಟದಲ್ಲಿ ಬಳಸುವ ಮುಖವಾಡಗಳನ್ನೆಲ್ಲ ಕಿತ್ತುಕೊಂಡರು.

ಆದರೂ ಕೆತ್ತನೆ ನಿಲ್ಲಲಿಲ್ಲ. ಆ ಕೂಟ ನಡೆಸಿದವರು ಕ್ವಾಕ್ವಕ್ಯವಕ್ವ್ ಅನ್ನುವ ಮೂಲನಿವಾಸಿ ಜನ. ಪಾರ್ಕಿನಲ್ಲಿರುವ ದೊಡ್ಡ ಮನೆಯನ್ನು 1953ರಲ್ಲಿ ಕಟ್ಟಿದ ಮಂಗೊ ಮಾರ್ಟಿನ್ ಅವರಲ್ಲೊಬ್ಬರು. ಅವರಿಗೆ ಬಾಚಿ ಹಿಡಿಯಲು ಕಲಿಸಿದ್ದು ಮಲತಂದೆ ಚಾರ್ಲಿ ಜೇಮ್ಸ್. ಮಾರ್ಟಿನ್ ತಮ್ಮ ಸಂಬಂಧಿ ಹೆನ್ರಿ ಹಂಟ್‌ಗೆ ಕಲಿಸಿದರು. ಹೆನ್ರಿಯ ಮಕ್ಕಳಾದ ಟೋನಿ, ರಿಚರ್ಡ್ ಕೂಡ ಇದೇ ಕೆಲಸಕ್ಕೆ ಬಂದರು. ಚಾರ್ಲಿ ಜೇಮ್ಸ್ ಕೆತ್ತಿದ್ದ ಒಂದು ಮನೆಗಂಬ ವ್ಯಾಂಕೂವರಿನ ಸ್ಟಾನ್ಲಿ ಪಾರ್ಕಿನಲ್ಲಿತ್ತು. ಅದು ಹಳತಾದಾಗ, 1987ರಲ್ಲಿ ಅದರ ಪ್ರತಿ ಕೆತ್ತಿದ್ದು ಟೋನಿ ಹಂಟ್. ಅಲ್ಲಿಗೆ ಹೋದರೆ ಸುಮ್ನೆ ಸೆಲ್ಫಿ ತೆಗೆದುಕೊಂಡು ಬರಬೇಡಿ, ಫಲಕ ಓದಿ.

ಇನ್ನು ಕೊಳ್ಳುವ ವಿಷಯ. ಸಣ್ಣ ಕಂಬ ಕೊಂಡರೆ ಅವರಿಗೆ ಅವಮಾನ ಅಂದುಕೊಳ್ಳಬೇಡಿ. ಚಾರ್ಲಿ ಜೇಮ್ಸ್ ತಾವೇ ಪ್ರವಾಸಿಗರಿಗಾಗಿ ಸಣ್ಣವನ್ನು ಕೆತ್ತುತ್ತಿದ್ದರು. ಅವರ ಮೊಮ್ಮಗಳು ಎಲೆನ್ ನೀಲ್ ಅಂಥವನ್ನು ಮಾರಿಯೇ ಸಂಸಾರ ನಡೆಸಿದರು. ದೊಡ್ಡ ಕಂಬಗಳನ್ನೂ ಕೆತ್ತಿದರು. ಆದರೆ ಅಂಗಡಿಯಲ್ಲಿ ಕೆತ್ತಿದವರ ಹೆಸರು, ಅವರ ಜನಾಂಗ ಯಾವುದು ಅಂತ ಕೇಳಿ. ಉತ್ತರ ಬರದಿದ್ದರೆ ಬಿಟ್ಟುಬಿಡಿ. ಅಚ್ಚಿನಲ್ಲಿ ಎರಕ ಹೊಯ್ದ ರೆಸಿನ್ ಬೊಂಬೆಗಳೇ ಜಾಸ್ತಿ. ಕೈಕೆತ್ತನೆಗೆ ಬೆಲೆ ಹೆಚ್ಚು, ಚೌಕಾಸಿ ಮಾಡಬೇಡಿ.

ನಾಲ್ಕು ದಿನ ರಜೆ ಸಿಕ್ಕರೆ ಈ ಜನರ ಊರಾದ ಅಲರ್ಟ್ ಬೇಗೆ ಹೋಗಿ. ಪೋರ್ಟ್ ಮೆಕ್‌ನೀಲ್‌ವರೆಗೆ ಕಾರು, ಆಮೇಲೆ ಫೆರಿ. ಕಿತ್ತುಕೊಂಡಿದ್ದ ಮುಖವಾಡಗಳಲ್ಲಿ ಎಷ್ಟೋ ಮರಳಿ ಬಂದು ಅಲ್ಲಿನ ಉಮಿಸ್ತ ಸಾಂಸ್ಕೃತಿಕ ಕೇಂದ್ರದಲ್ಲಿವೆ. 1980ರಲ್ಲಿ ಅದನ್ನು ತೆರೆದದ್ದೇ ಅದಕ್ಕಾಗಿ. ಊರಿನ ಸ್ಮಶಾನದಲ್ಲೂ ಕಂಬಗಳಿವೆ. ಅವನ್ನು ರಸ್ತೆಯಿಂದಲೇ ನೋಡಿ, ಒಳಗೆ ಕಾಲಿಡಬೇಡಿ. ಬೇಸಿಗೆಯಲ್ಲಿ ಹೋಗುವುದಾದರೆ ರೂಮು ಮೊದಲೇ ಬುಕ್ ಮಾಡಿ.